ಮಾವನ ಕೈಗೆ ಹೊಲಿದ ಪೆನ್ ಪೌಚು

ನನ್ನ ಸೋದರಮಾವನ ಪೆನ್ನಿನ ಕ್ಯಾಪಿನ ಮೇಲೆ ಹಲ್ಲಿನ ಗುರುತುಗಳಿವೆ. ನಾಲ್ಕೈದು ಸಣ್ಣ ತಗ್ಗು, ಒಂದರ ಪಕ್ಕ ಒಂದು. ಶಾಲೆ ಮಕ್ಕಳು ಪೆನ್ಸಿಲ್ ಕಚ್ಚಿದ ಹಾಗೆ ಕಾಣುತ್ತದೆ, ಆದರೆ ಮಾವನಿಗೆ ಈಗ 63 ವರ್ಷ. ಆ ಗುರುತುಗಳು ಯಾಕೆ ಬಿದ್ದವು ಅಂತ ಗೊತ್ತಾದ ದಿನ, ನಾನೇ ಹೊಲಿದು ಕೊಟ್ಟಿದ್ದ ತೊಗಲಿನ ಪೌಚನ್ನು ವಾಪಸ್ ಕೇಳಿ ಇಸಕೊಂಡು ಬಳ್ಳಾರಿಗೆ ಬಂದೆ. ಅದಕ್ಕೂ ಮುಂಚೆ ಒಂದು ಹಾಳಾಗಿತ್ತು, ಅದಾದ ಮೇಲೆ ಇನ್ನೊಂದು ಹಾಳಾಯಿತು. ನಾಲ್ಕನೆಯದು ಈಗ ಮಾವನ ಮೇಜಿನ ಮೇಲಿದೆ.

ಮಾವ ಕೊಪ್ಪಳದಲ್ಲಿ ದಸ್ತಾವೇಜು ಬರಹಗಾರರು. ಜನ ಬಾಂಡ್ ರೈಟರ್ ಅಂತಾರೆ. ಕ್ರಯಪತ್ರ, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ, ಭೋಗ್ಯದ ಕರಾರು, ಎಲ್ಲ ಅವರ ಕೈಯಿಂದ ಹೋಗುತ್ತಿದ್ದ ಕಾಲ ಒಂದಿತ್ತು. ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ, ಬರೆಯುವಾಗ ಒಂದು ಅಕ್ಷರವೂ ಹೊಡೆದು ಹಾಕುತ್ತಿರಲಿಲ್ಲ. ಈಗ ಎಲ್ಲ ಕಂಪ್ಯೂಟರಿನಲ್ಲಿ ಟೈಪ್ ಆಗುತ್ತದೆ, ಇ-ಸ್ಟ್ಯಾಂಪ್ ಬಂದಿದೆ. ಆದರೂ ಕರಡು ಮಾತ್ರ ಮಾವ ಕೈಯಲ್ಲೇ ಬರೆಯುತ್ತಾರೆ, ಅದೂ ಇದೇ ಪೆನ್ನಿನಲ್ಲಿ. ಪಕ್ಕದಲ್ಲಿ ಕೂತ ಹುಡುಗ ಅದನ್ನು ನೋಡಿ ಟೈಪ್ ಮಾಡುತ್ತಾನೆ.

ಪೆನ್ನು ಆಂಧ್ರದ ರಾಜಮಂಡ್ರಿಯದು. ಗಾಂಧೀಜಿಯವರ ಸ್ವದೇಶಿ ಕರೆಗೆ ಓಗೊಟ್ಟು 1930ರ ದಶಕದಿಂದ ಅಲ್ಲಿ ಕೈಯಲ್ಲೇ ಇಂಕ್ ಪೆನ್ನು ಮಾಡುತ್ತಾ ಬಂದಿದ್ದಾರೆ. ಮಾವನ ಪೆನ್ನು ಎಬೊನೈಟಿನದು. ಎಬೊನೈಟ್ ಅಂದರೆ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ಸಾಮಾನು. ಕೈಗೆ ಬೆಚ್ಚಗೆ ಇರುತ್ತದೆ, ಬೇಸಿಗೆಯಲ್ಲೂ ಬೆವರಿಗೆ ಜಾರುವುದಿಲ್ಲ. ಆದರೆ ಅದಕ್ಕೆ ಬಿಸಿಲು ಆಗಿ ಬರುವುದಿಲ್ಲ. ಬೆಳಕು ಬೀಳುತ್ತಾ ಬೀಳುತ್ತಾ ಕರಿ ಬಣ್ಣ ಮಾಸಿ ಕಂದು-ಹಸಿರು ಆಗಿಬಿಡುತ್ತದೆ. ಮಾವನ ಮೇಜು ಕಿಟಕಿ ಪಕ್ಕದಲ್ಲಿದೆ, ಪೆನ್ನಿನ ಒಂದು ಮಗ್ಗುಲು ಆಗಲೇ ಹಾಗಾಗಿದೆ. ಒಂದು ಪೌಚು ಇದ್ದರೆ ಚೆನ್ನ ಅಂತ ನನಗೆ ಅನ್ನಿಸಿದ್ದು ಇದಕ್ಕೇ. ಬರೇ ಪೆನ್ನಿನ ಚಿಂತೆ. ಕೈಯ ಕಡೆ ನನ್ನ ಲಕ್ಷ್ಯ ಹೋಗಿರಲಿಲ್ಲ.

ನಾನು ಬಳ್ಳಾರಿಯ ಕೌಲ್ ಬಜಾರಿನ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಪ್ಯಾಟರ್ನ್ ತೆಗೆಯುವ ಕೆಲಸ ಮಾಡುತ್ತೇನೆ. ರಟ್ಟಿನ ಮೇಲೆ ಅಳತೆ ಗೀಚಿ, ಕತ್ತರಿಸಿ ಕೊಟ್ಟರೆ ಕಟಿಂಗ್ ಮಾಸ್ಟರ್ ಅದನ್ನಿಟ್ಟು ಒಂದೇ ಸಲ ಎಷ್ಟೋ ಪದರ ಬಟ್ಟೆ ಕತ್ತರಿಸುತ್ತಾರೆ. ಹೀಗಾಗಿ ಅಳತೆ, ಹೊಲಿಗೆ ಅಂದರೆ ನನಗೆ ಧೈರ್ಯ ಸ್ವಲ್ಪ ಜಾಸ್ತಿನೇ. ತೊಗಲು ಆ ಧೈರ್ಯವನ್ನು ಒಂದೇ ವಾರದಲ್ಲಿ ಇಳಿಸಿತು.

ಬಟ್ಟೆ ಕ್ಷಮಿಸುತ್ತದೆ. ಹೊಲಿಗೆ ತಪ್ಪಿದರೆ ಬಿಚ್ಚಿ, ನೀರು ಚಿಮುಕಿಸಿ, ಇಸ್ತ್ರಿ ಹೊಡೆದರೆ ಸೂಜಿ ಹೋದ ಜಾಗ ಮುಚ್ಚಿಕೊಳ್ಳುತ್ತದೆ. ತೊಗಲಿಗೆ ಬಿದ್ದ ತೂತು ತೂತೇ. ಅದು ಒಂದು ಜೀವದ ಮೈಮೇಲೆ ಇದ್ದದ್ದು ಅಲ್ವಾ, ಗಾಯ ಮಾಯಿಸಿಕೊಳ್ಳುವ ಶಕ್ತಿ ಮಾತ್ರ ಈಗ ಅದಕ್ಕಿಲ್ಲ.

ಮೊದಲನೆಯ ತಪ್ಪು ಬಹಳ ಸಣ್ಣ ಲೆಕ್ಕದ್ದು. ಕ್ಯಾಪಿನ ಅಡ್ಡಳತೆ 16 ಮಿಲಿಮೀಟರ್. ಅದಕ್ಕೆ 6 ಸೇರಿಸಿ ಎರಡು ಹೊಲಿಗೆಗಳ ನಡುವೆ 22 ಮಿಲಿಮೀಟರ್ ಬಿಟ್ಟೆ. ಹೊಲಿದು ಮುಗಿಸಿ ನೋಡಿದರೆ ಪೆನ್ನು ಒಳಗೆ ಹೋಗಲೇ ಇಲ್ಲ. ಯಾಕೆ ಅಂದರೆ ಪೆನ್ನು ದುಂಡಗಿದೆ, ನನ್ನ ತೊಗಲು ಚಪ್ಪಟೆ. 16ರ ಅಡ್ಡಳತೆ ಇದ್ದರೆ ಸುತ್ತಳತೆ 50. ಎರಡು ಪದರ ಸೇರಿ ಆ 50ನ್ನು ಸುತ್ತಬೇಕು, ಅಂದರೆ ಒಂದೊಂದು ಪದರಕ್ಕೆ 25. ಅದರ ಮೇಲೆ ತೊಗಲಿನ ದಪ್ಪ, ಕ್ಲಿಪ್ಪಿನ ಉಬ್ಬು. 30 ಬಿಡದೆ ಪೆನ್ನು ಒಳಗೆ ಕೂಡುವುದಿಲ್ಲ. ದಿನಾ ಪ್ಯಾಂಟಿನ ಕಾಲಿಗೆ ಇದೇ ಲೆಕ್ಕ ಹಾಕುವವಳು ನಾನು. ಕಾಲು ದುಂಡಗಿರುತ್ತದೆ, ಬಟ್ಟೆ ಚಪ್ಪಟೆ ಇರುತ್ತದೆ. ಪೆನ್ನಿನ ಮುಂದೆ ಅದು ಮರೆತೇ ಹೋಗಿತ್ತು.

ಆ ಹಾಳಾದ ತುಂಡನ್ನು ಹಿಡಿದುಕೊಂಡೇ ನಾನು ತಾತನ ಹತ್ತಿರ ಹೋದದ್ದು.

ತಾತ ಅಂದರೆ ನಮ್ಮ ಬಂಧು ಅಲ್ಲ. ನಾನು ದಿನಾ ಬಸ್ಸು ಇಳಿಯುವ ಕಡೆ, ಬೇವಿನ ಮರದ ಕೆಳಗೆ, ಕರಿ ಛತ್ರಿ ಕಟ್ಟಿಕೊಂಡು ಚಪ್ಪಲಿ ಹೊಲಿಯುತ್ತಾ ಕೂರುವವರು. ಅವರ ಅಪ್ಪ ಕುರುಗೋಡು ಕಡೆಯ ಹಳ್ಳಿಯಲ್ಲಿ ಕಪಿಲೆ ಬಾವಿಗೆ ತೊಗಲಿನ ಬಾನಿ ಹೊಲಿಯುತ್ತಿದ್ದರಂತೆ, ಎತ್ತುಗಳು ಮಿಣಿ ಎಳೆದರೆ ಬಾವಿಯಿಂದ ನೀರು ಎತ್ತಿ ತರುವ ಬಾನಿ. ಒಂದು ಹನಿ ಸೋರದ ಹಾಗೆ ಹೊಲಿಯಬೇಕಿತ್ತು. ಪಂಪ್‌ಸೆಟ್ ಬಂದಮೇಲೆ ಆ ಕೆಲಸ ಹೋಯಿತು, ತಾತ ಊರು ಬಿಟ್ಟು ಬಳ್ಳಾರಿಗೆ ಬಂದು ಛತ್ರಿ ಕೆಳಗೆ ಕೂತರು. ಮುಂದೆ ಒಂದು ಗೋಣಿಚೀಲ. ಅದರ ಮೇಲೆ ತೂತು ಹಾಕಿ ಹೊಲಿಯುವ ಆರಿ, ತೊಗಲು ಹೆರೆಯುವ ರಂಪಿಗೆ, ಇಕ್ಕಳ, ಮೇಣದ ಉಂಡೆ, ಚಪ್ಪಲಿ ಇಟ್ಟು ಬಡಿಯುವ ಒಂದು ಕಬ್ಬಿಣದ ಅಡಿ. ವಚನಕಾರ ಮಾದಾರ ಚೆನ್ನಯ್ಯನವರ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗುಂಟ ಅಂತ ಮೂರು ಹತಾರಗಳ ಹೆಸರು ಬರುತ್ತದೆ. ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಗೆ ಬರೆದಿದ್ದೆ, ಅದು ಹೇಗಿರುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ತಾತನ ಗೋಣಿಚೀಲ ನೋಡಿದ ದಿನ ಆ ಅಂಕಿತ ನನಗೆ ಅರ್ಥವಾಯಿತು ಅನ್ನಿಸಿತು.

ತಾತ ನನ್ನ ತುಂಡನ್ನು ಮಡಚಿ, ಮೂಸಿ, ಉಗುರಿನಿಂದ ಗೀರಿದರು. "ಯಮ್ಮಾ, ಇದು ಹೊಟ್ಟಿ ತೊಗಲು. ನಾಳೆ ಜೋತು ಬೀಳ್ತದ. ಬೆನ್ನಿಂದು ತಗಾ" ಅಂದರು. ಹೌದು, ಎಳೆದು ನೋಡಿದರೆ ಅದು ಬಟ್ಟೆಯ ಹಾಗೆ ಹಿಗ್ಗುತ್ತಿತ್ತು. ಹೊಟ್ಟೆ ಭಾಗದ ನಾರು ಸಡಿಲ, ಬೆನ್ನಿನದು ದಟ್ಟ. ಆನ್‌ಲೈನಿನಲ್ಲಿ ಚದರ ಅಡಿ ಲೆಕ್ಕದಲ್ಲಿ ತರಿಸುವಾಗ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಹಾಗಾಗಿ ಎರಡನೆಯ ಸಲ ಬೆನ್ನಿನ ತೊಗಲೇ ಬೇಕು ಅಂತ ಕೇಳಿ ತರಿಸಿದೆ. ಚೆನ್ನೈನ ಪೆರಿಯಮೇಟ್ ಕಡೆ ತೊಗಲಿನ ಅಂಗಡಿಗಳ ಸಾಲೇ ಇದೆ. ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ಕಡೆ ಹದ ಮಾಡಿದ ಮಾಲು ಅಲ್ಲಿಗೆ ಬರುತ್ತದೆ. ನಾನು ತರಿಸಿದ್ದು ಗಿಡದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ್ದು. ಬ್ಯಾಗು, ಶೂಗಳಿಗೆ ಈಗ ಜಾಸ್ತಿ ಬಳಸುವುದು ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದನ್ನು. ಅದು ಬೇಗ ಆಗುತ್ತದೆ, ಮೆತ್ತಗಿರುತ್ತದೆ, ನೀರಿಗೆ ಅಷ್ಟು ಹೆದರುವುದಿಲ್ಲ. ಆದರೆ ಒದ್ದೆ ಮಾಡಿ ಒಂದು ಆಕಾರಕ್ಕೆ ಒತ್ತಿದರೆ ನಿಲ್ಲುವುದಿಲ್ಲ. ಒಗರಿನ ತೊಗಲು ನಿಲ್ಲುತ್ತದೆ. ಹಾಗೆ ನಿಲ್ಲುವುದು ನನಗೆ ಎಷ್ಟು ಬೇಕಾಗಿತ್ತು ಅಂತ ಆಗ ಗೊತ್ತಿರಲಿಲ್ಲ.

ಈ ಒಗರಿಗೆ ನಮ್ಮ ದಕ್ಷಿಣದ ಕಡೆ ಹಿಂದಿನಿಂದ ಬಳಸುತ್ತಿದ್ದದ್ದು ತಂಗಡಿ ಗಿಡದ ತೊಗಟೆ. ಹಳದಿ ಹೂವಿನ ತಂಗಡಿ ನಮ್ಮ ರಸ್ತೆ ಬದಿಯಲ್ಲೇ ನಿಂತಿರುತ್ತದೆ, ಮಳೆ ಇರಲಿ ಬಿಡಲಿ. ಅದಕ್ಕೆ ಇಂಗ್ಲಿಷಿನಲ್ಲಿ ಇಟ್ಟ ಹೆಸರಿನ ಅರ್ಥವೇ ತೊಗಲು ಹದ ಮಾಡುವವರ ಗಿಡ ಅಂತ. ಅಳಲೆಕಾಯಿಯನ್ನೂ ಹಾಕುತ್ತಾರೆ. ಆ ಒಗರು ತೊಗಲಿನ ನಾರುಗಳನ್ನು ಹಿಡಿದು ಕಟ್ಟುತ್ತದೆ, ಆಮೇಲೆ ಅದು ಕೊಳೆಯುವುದಿಲ್ಲ. ಹದ ಮಾಡದ ತೊಗಲು ಬೇರೆಯೇ ಜಾತಿ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ತೊಗಲು ಗೊಂಬೆಗಳದ್ದು ಹಾಗೆ ಹದ ಮಾಡದೆ ಕೂದಲು ತೆಗೆದು ಹೆರೆದು ಒಣಗಿಸಿದ ತೊಗಲು. ಅದಕ್ಕೇ ದೀಪದ ಬೆಳಕು ಅದರೊಳಗಿಂದ ಹಾಯ್ದು ಬರುತ್ತದೆ, ಬಣ್ಣ ಪರದೆಯ ಆಚೆಗೂ ಕಾಣುತ್ತದೆ. ನನ್ನ ಪೌಚಿನ ತೊಗಲು ಬೆಳಕನ್ನು ತಡೆಯಬೇಕು. ಎಬೊನೈಟಿಗೆ ಬೇಕಾದದ್ದೂ ಅದೇ.

ಪಾರ್ಸೆಲ್ ಬಂದ ದಿನ ಅವ್ವ ಅದನ್ನು ಪಡಸಾಲೆ ದಾಟಿಸಲಿಲ್ಲ. "ತೊಗಲು ಒಳಗ ತರಬ್ಯಾಡ, ಹೊರಗ ಕಟ್ಟಿ ಮ್ಯಾಲ ಮಾಡ್ಕೋ" ಅಂದಳು. ನಾನು ಸುಮ್ನೆ ಇರಲಿಲ್ಲ. ಭಜನೆಯ ತಬಲದ ಮೇಲೆ ಏನಿದೆ, ಜಾತ್ರೆಯ ಡೊಳ್ಳಿನ ಮೇಲೆ ಏನಿದೆ, ನಿನ್ನ ಪರ್ಸು ಯಾವುದರದ್ದು ಅಂತ ಕೇಳಿದೆ. ಅವ್ವ ಉತ್ತರ ಕೊಡಲಿಲ್ಲ. ಎರಡು ತಿಂಗಳು ನಾನು ಕಟ್ಟೆ ಮೇಲೇ ಹೊಲಿದೆ. ನನಗೆ ಎರಡು ತಿಂಗಳು ಕಟ್ಟೆ, ತಾತನಿಗೆ ಇಡೀ ಆಯುಷ್ಯ ರಸ್ತೆ ಬದಿ. ಇದನ್ನು ಬರೆಯುವಾಗಲೂ ಬೇಜಾರಾಗುತ್ತದೆ. ಕೈಯಲ್ಲಿ ಹೊಲಿದದ್ದು ಅಂತ ಮೊಹರು ಒತ್ತಿ ಗಾಜಿನ ಅಂಗಡಿಯಲ್ಲಿಟ್ಟರೆ ಸಾವಿರಾರು ರೂಪಾಯಿ ಕೊಡುತ್ತೇವೆ. ಅದೇ ಕೈ, ಅದೇ ಆರಿ, ಮರದ ಕೆಳಗೆ ಕೂತಿದ್ದರೆ 20 ರೂಪಾಯಿಗೆ ಚೌಕಾಸಿ.

ಹೊಲಿಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನನ್ನ ದಿನದ ಅನ್ನ ಇರುವುದೇ ಹೊಲಿಗೆಯಲ್ಲಿ. ನಮ್ಮ ಯೂನಿಟ್ಟಿನ ಮಷೀನು ಹೊಲಿಯುವಾಗ ಮೇಲಿನದೊಂದು ದಾರ, ಕೆಳಗೆ ಬಾಬಿನ್ನಿನದೊಂದು ದಾರ. ಎರಡೂ ಬಟ್ಟೆಯ ನಡುವೆ ಒಂದನ್ನೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಒಂದು ಕಡೆ ದಾರ ಹರಿದರೆ ಇನ್ನೊಂದಕ್ಕೆ ಆಸರೆ ಇಲ್ಲ, ಎಳೆದಷ್ಟೂ ಬಿಚ್ಚುತ್ತಾ ಹೋಗುತ್ತದೆ. ತೊಗಲಿಗೆ ಕೈಯಲ್ಲಿ ಹೊಲಿಯುವಾಗ ದಾರ ಒಂದೇ, ಎರಡೂ ತುದಿಗೆ ಒಂದೊಂದು ಸೂಜಿ. ಪ್ರತಿ ತೂತಿನಲ್ಲೂ ಎರಡು ಸೂಜಿ ಎದುರುಬದುರು ಹಾಯಬೇಕು. ಮುಂದಿನ ದಾರ ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಎಲ್ಲೋ ಒಂದು ಕಡೆ ಸವೆದು ಹರಿದರೂ ಇನ್ನೊಂದು ಎಳೆ ಅದೇ ತೂತುಗಳಲ್ಲಿ ಹಾದು ಹಿಡಿದುಕೊಂಡಿರುತ್ತದೆ. ಹೊಲಿಗೆಯ ಉದ್ದದ ನಾಲ್ಕು ಪಟ್ಟು ದಾರ ಬೇಕು, ಕೈಹಿಡಿಗೆ ಒಂದು ಗೇಣು ಜಾಸ್ತಿ. ಅದನ್ನು ಜೇನುಮೇಣದ ಉಂಡೆಯ ಮೇಲೆ ಎಳೆದುಕೊಂಡರೆ ದಾರ ಸಿಂಬೆ ಸುತ್ತಿಕೊಳ್ಳದೆ ಗಟ್ಟಿಯಾಗಿ ಕೂಡುತ್ತದೆ.

ಕಷ್ಟ ಇರುವುದು ಸಮವಾಗಿ ಎಳೆಯುವುದರಲ್ಲಿ. ಮೊದಲ ಹತ್ತು ಹೊಲಿಗೆ ಉತ್ಸಾಹದಲ್ಲಿ ಬಿಗಿ ಎಳೆದಿರುತ್ತೀವಿ, ಆಮೇಲೆ ಬೆರಳು ಉರಿದು ಸಡಿಲ ಬಿಡುತ್ತೀವಿ, ಅದು ತೊಗಲಿನ ಮೇಲೆ ಬರೆದ ಹಾಗೆ ಕಾಣುತ್ತದೆ. ನಾನು ವಿಡಿಯೋ ನೋಡಿ ಕಲಿತ ಎರಡು ಸೂಜಿಯ ಹೊಲಿಗೆಯನ್ನು ತಾತ ಸುಮಾರು ಹೊತ್ತು ನೋಡಿದರು. ಅವರದು ಆರಿಯ ಕೊಕ್ಕೆಯಲ್ಲಿ ಕೆಳಗಿನ ದಾರ ಮೇಲೆತ್ತಿ, ಅದರೊಳಗೆ ಇನ್ನೊಂದು ತುದಿ ತೂರಿಸಿ ಎಳೆಯುವ ರೀತಿ, ನನ್ನದಕ್ಕಿಂತ ಮೂರು ಪಟ್ಟು ಬೇಗ. ನನ್ನ ರೀತಿಗೆ ಅವರು ಬೇಡ ಅನ್ನಲಿಲ್ಲ. ಒಂದೇ ಮಾತು ಹೇಳಿದರು: "ಎಳಿಯೋ ಮುಂದ ಉಸುರು ಹಿಡಿಬ್ಯಾಡ." ಉಸಿರು ಬಿಡುತ್ತಾ ಎಳೆದರೆ ಎರಡೂ ಕೈ ಒಂದೇ ಜೋರಿನಲ್ಲಿ ಹೋಗುತ್ತವೆ. ಇದನ್ನು ಯೂನಿಟ್ಟಿನ ಹೊಸ ಹುಡುಗಿಯರಿಗೂ ಈಗ ಹೇಳಿಕೊಡುತ್ತೇನೆ.

ಎರಡನೆಯ ಪೌಚು ನಿಜಕ್ಕೂ ಚೆಂದ ಬಂತು. 1.5 ಮಿಲಿಮೀಟರ್ ದಪ್ಪದ ತೊಗಲು, 4 ಮಿಲಿಮೀಟರಿಗೆ ಒಂದು ಹೊಲಿಗೆ, ಮೇಲೊಂದು ಮುಚ್ಚಳ. ಅಂಚು ಸೇರುವ ಕಡೆ ರಂಪಿಗೆಯಿಂದ ಒಳಮಗ್ಗುಲನ್ನು ಹೆರೆದು ತೆಳು ಮಾಡಿದ್ದೆ. ದೀಪಾವಳಿಗೆ ಕೊಪ್ಪಳಕ್ಕೆ ಹೋದಾಗ ಕೊಟ್ಟೆ. ಮಾವ ಕಣ್ಣಿಗೆ ಹತ್ತಿರ ಹಿಡಿದು ಹೊಲಿಗೆ ಎಣಿಸಿದರು, ಅತ್ತೆಯನ್ನು ಕರೆದು ತೋರಿಸಿದರು. ಪೆನ್ನು ಒಳಗಿಟ್ಟು ಮುಚ್ಚಳ ಹಾಕಿದರು.

ಮರುದಿನ ಬೆಳಿಗ್ಗೆ ಒಬ್ಬರು ಹೊಲದ ವಾಟ್ನಿ ವಿಷಯಕ್ಕೆ ಬಂದರು. ಮಾವ ಪೌಚು ತೆಗೆದರು. ಬಲಗೈಯಲ್ಲಿ ಮುಚ್ಚಳ ತೆರೆಯಲು ಹೋದರೆ ಪೌಚೇ ಮೇಜಿನ ಮೇಲೆ ಜಾರಿತು. ಅದನ್ನು ಎದೆಗೆ ಒತ್ತಿಕೊಂಡು, ಗದ್ದದಿಂದ ಹಿಡಿದು, ಹೇಗೋ ಪೆನ್ನು ಹೊರಗೆ ಎಳೆದರು. ಆಮೇಲೆ ಕ್ಯಾಪನ್ನು ಬಾಯಲ್ಲಿ ಕಚ್ಚಿ ಹಿಡಿದು ಪೆನ್ನು ತಿರುಗಿಸಿದರು. ತುಟಿಗೆ ಇಂಕು ಹತ್ತಿತು. ಬಂದವರು ಬೇರೆ ಕಡೆ ನೋಡಿದರು.

ಎರಡು ವರ್ಷದ ಹಿಂದೆ ಮಾವನಿಗೆ ಲಕ್ವ ಹೊಡೆದಿತ್ತು. ನನಗೆ ಗೊತ್ತಿಲ್ಲದ್ದೇನಲ್ಲ, ಆಸ್ಪತ್ರೆಯಲ್ಲಿ ನಾನೇ ನಾಲ್ಕು ದಿನ ಇದ್ದೆ. ನಡಿಗೆ ಸರಿಯಾಯಿತು, ಮಾತು ಸರಿಯಾಯಿತು. ಎಡಗೈ ತೋಳಿನ ತನಕ ಬರುತ್ತದೆ, ಎತ್ತಿ ಮೇಜಿನ ಮೇಲೆ ಇಡುತ್ತಾರೆ, ಆದರೆ ಬೆರಳು ಮಡಚುವುದಿಲ್ಲ. ತಿರುಗಿಸಿ ತೆಗೆಯುವ ಕ್ಯಾಪಿಗೆ ಎರಡು ಕೈ ಬೇಕು. ಎರಡು ವರ್ಷದಿಂದ ಅವರು ಅದನ್ನು ಹಲ್ಲಿನಲ್ಲಿ ತೆರೆಯುತ್ತಿದ್ದಾರೆ, ನಾನು ಹೋಗಿ ಆ ಪೆನ್ನನ್ನು ಇನ್ನೊಂದು ಮುಚ್ಚಳದೊಳಗೆ ಹಾಕಿ ಬಂದಿದ್ದೆ.

"ಮಾವ, ಇದನ್ನ ನಾ ತಗೊಂಡ್ ಹೋಗ್ತೀನಿ" ಅಂದೆ.

"ಯಾಕವ್ವ, ಛಲೋ ಐತಲ್ಲ. ನನ್ನ ಕೈಗೆ ಬರವಲ್ದು ಅಷ್ಟ. ಇರಲಿ ಬಿಡು, ಕಪಾಟಿನ್ಯಾಗ ಇಡ್ತೀನಿ."

ಕಪಾಟಿನಲ್ಲಿ ಇಡುವುದಕ್ಕೆ ಹೊಲಿದದ್ದಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. ಪೌಚನ್ನೂ, ಒಂದು ವಾರದ ಮಟ್ಟಿಗೆ ಅಂತ ಹೇಳಿ ಪೆನ್ನನ್ನೂ ಇಸಕೊಂಡು ಬಂದೆ. ಪೆನ್ನು ಕೊಡುವಾಗ ಮಾವನ ಮುಖ ನೋಡಲು ಆಗಲಿಲ್ಲ.

ತಾತನಿಗೆ ಎಲ್ಲ ಹೇಳಿದೆ. ಅವರ ಮುಂದೆ ಯಾರದೋ ಚಪ್ಪಲಿ ಇತ್ತು, ಬಲಗಾಲಿನದು. ಅದನ್ನು ಮಗುಚಿ ತೋರಿಸಿದರು. ಹಿಮ್ಮಡಿಯ ಹೊರಮಗ್ಗುಲು ಪೂರಾ ಸವೆದಿತ್ತು. "ಇವಯ್ಯ ಕಾಲು ಹೊರಗ ಚೆಲ್ಲಿ ನಡೀತಾನ. ನಾ ಬರೇ ಅಟ್ಟಿ ಹಚ್ಚಿ ಕೊಟ್ಟರ ತಿಂಗಳಿಗೆ ಮತ್ತ ಬರ್ತಾನ. ಈ ಕಡಿ ಒಂದು ಪದರ ಜಾಸ್ತಿ ಇಡಬೇಕು." ಆ ಮನುಷ್ಯನ ಮುಖ ಅವರಿಗೆ ನೆನಪಿರಲಿಲ್ಲ, ಕಾಲು ನೆನಪಿತ್ತು. ಆಮೇಲೆ ಕೇಳಿದರು: "ನಿಮ್ಮ ಮಾವಂಗ ಎಡಗೈ ಏನೇನು ಬರ್ತದ?"

ಏನು ಬರುವುದಿಲ್ಲ ಅಂತ ನಾನು ಪಟ್ಟಿ ಮಾಡಿಕೊಂಡು ಹೋಗಿದ್ದೆ. ಏನು ಬರುತ್ತದೆ ಅಂತ ಕೇಳಿದ್ದು ಅವರು. ಎತ್ತಿ ಇಡಲು ಬರುತ್ತದೆ, ಭಾರ ಹಾಕಲು ಬರುತ್ತದೆ, ಅಂದೆ. "ಮತ್ತ ಸಾಕಲ್ಲ" ಅಂದರು.

ಅಲ್ಲೇ ಗೋಣಿಚೀಲದ ಮೇಲೆ ರಟ್ಟಿನಲ್ಲಿ ಕತ್ತರಿಸಿ ನೋಡಿದೆವು. ಪೌಚು ನಿಲ್ಲುವುದು ಬೇಡ, ಮೇಜಿನ ಮೇಲೆ ಮಲಗಿರಲಿ. ಕ್ಯಾಪು ಎಡಕ್ಕೆ, ಪೆನ್ನಿನ ಬಾಲ ಬಲಕ್ಕೆ. ಕ್ಯಾಪಿನ ಭಾಗಕ್ಕೆ ಮಾತ್ರ ಬಿಗಿಯಾದ ಒಂದು ಗೂಡು, ಉಳಿದ ಪೆನ್ನು ತೆರೆದೇ ಇರಲಿ, ಬಲಗೈಗೆ ಹಿಡಿಯಲು ಸಿಗುವ ಹಾಗೆ. ಮುಚ್ಚಳ ಎಡಗಡೆಯಿಂದ ಬಂದು ಪೆನ್ನನ್ನೆಲ್ಲ ಮುಚ್ಚಿ ಬಲತುದಿಯಲ್ಲಿ ಟಿಚ್ ಬಟನ್ನಿಗೆ ಕೂಡಲಿ. ತೆರೆದಾಗ ಆ ಮುಚ್ಚಳ ಎಡಕ್ಕೆ ಚಾಚಿಕೊಂಡು ಮೇಜಿನ ಮೇಲೆ ಬೀಳುತ್ತದೆ. ಅದರ ಮೇಲೆ ಮಾವ ಎಡತೋಳು ಇಟ್ಟರೆ ಪೌಚು ಅಲುಗುವುದಿಲ್ಲ. ಬಲಗೈ ಪೆನ್ನನ್ನು ತಿರುಗಿಸುತ್ತದೆ, ಕ್ಯಾಪು ಗೂಡಿನೊಳಗೇ ಉಳಿಯುತ್ತದೆ, ಪೆನ್ನು ಹೊರಗೆ ಬರುತ್ತದೆ. ಬರೆದಾದ ಮೇಲೆ ಹಾಗೇ ಒಳಗಿಟ್ಟು ಹಿಂದಕ್ಕೆ ತಿರುಗಿಸಿದರಾಯಿತು.

ಒಂದೇ ತೊಡಕು ಉಳಿಯಿತು. ಪೆನ್ನು ತಿರುಗಿಸಿದರೆ ದುಂಡನೆಯ ಕ್ಯಾಪೂ ಗೂಡಿನೊಳಗೆ ಅದರ ಜೊತೆ ತಿರುಗುತ್ತದಲ್ಲ? ತಾತ ಪೆನ್ನನ್ನು ಬೆರಳಲ್ಲಿ ಉರುಳಿಸಿದರು. ಕ್ಲಿಪ್ಪು ಅಡ್ಡ ಬಂದು ನಿಂತಿತು. "ಇದು ಐತಲ್ಲ ಯಮ್ಮಾ, ಇದನ್ನ ಕೀಲಿ ಮಾಡು."

ಕ್ಲಿಪ್ಪಿಗೆ ತಕ್ಕ ಹಾಗೆ ತೊಗಲಿನಲ್ಲಿ ಒಂದು ತೋಡು ಮೂಡಿಸಿದರೆ ಕ್ಯಾಪು ತಿರುಗಲು ಜಾಗವೇ ಇಲ್ಲ. ಒಗರಿನ ತೊಗಲು ಬೇಕಾದದ್ದು ಇದಕ್ಕೆ. ತುಂಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದರೆ ಸಣ್ಣ ಗುಳ್ಳೆ ಬರುತ್ತವೆ, ಗುಳ್ಳೆ ನಿಂತಮೇಲೆ ತೆಗೆದು ಸ್ವಲ್ಪ ಹೊತ್ತು ಬಿಡಬೇಕು. ಆಗ ಅದು ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರುತ್ತದೆ. ಪೆನ್ನಿಗೆ ನೀರು ತಾಗದ ಹಾಗೆ ಹಾಲಿನ ಪಾಕೀಟಿನ ಕವರ್ ಬಿಗಿಯಾಗಿ ಸುತ್ತಿ, ಮೇಲೆ ಒದ್ದೆ ತೊಗಲು ಹಾಸಿ, ಕ್ಲಿಪ್ಪಿನ ಎರಡೂ ಬದಿಗೆ ಚಮಚದ ಹಿಡಿಕೆಯಿಂದ ಒತ್ತುತ್ತಾ ಹೋದೆ. ನೋಡುತ್ತಾ ಇರುವಾಗಲೇ ಕ್ಲಿಪ್ಪು ತೊಗಲಿನ ಮೇಲೆ ಎದ್ದು ಬಂತು, ನರ ಉಬ್ಬಿದ ಹಾಗೆ. ಹಾಗೇ ನಿಲ್ಲಲಿ ಅಂತ ಅಂಚಿಗೆ ಪೇಪರ್ ಹಿಡಿಯುವ ಕಬ್ಬಿಣದ ಕ್ಲಿಪ್ಪುಗಳನ್ನು ಹಚ್ಚಿದೆ.

ಇಷ್ಟು ಮಾಡಿ ಬಿಸಿಲಿಗೆ ಇಟ್ಟೆ. ಒಂದು ವಾರದ ಗಡುವು ತಲೆಯಲ್ಲಿತ್ತು. ಬಳ್ಳಾರಿ ಬಿಸಿಲು ದೀಪಾವಳಿ ಆದಮೇಲೂ ಬಿಸಿಲೇ. ಎರಡು ತಾಸಿಗೆ ತೊಗಲು ಹಪ್ಪಳವಾಗಿತ್ತು. ಅಂಚು ಮುದುಡಿ, ಬಣ್ಣ ಕಪ್ಪಿಟ್ಟು, ತೋಡಿನ ಬುಡದಲ್ಲಿ ಸೀಳು. ತೊಗಲನ್ನು ನೆರಳಿನಲ್ಲಿ, ಗಾಳಿಯಲ್ಲಿ, ಒಂದು ರಾತ್ರಿ ಪೂರಾ ಒಣಗಲು ಬಿಡಬೇಕು. ಮೂರನೆಯದೂ ಹೋಯಿತು.

ಸುಟ್ಟ ಆ ತುಂಡಿನಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಕಬ್ಬಿಣದ ಕ್ಲಿಪ್ಪು ಹಚ್ಚಿದ ಕಡೆಯೆಲ್ಲ ಕಡುನೀಲಿ-ಕಪ್ಪು ಕಲೆ. ಕೊಳೆ ಅಂತ ಒರೆಸಿದೆ, ಹೋಗಲಿಲ್ಲ. ನಾಲ್ಕನೆಯ ತುಂಡಿಗೆ ಮರದ ಬಟ್ಟೆಕ್ಲಿಪ್ಪು ಹಚ್ಚಿದ್ದೆ, ಆದರೂ ಅವುಗಳ ಸ್ಪ್ರಿಂಗು ತಾಗಿದ ಕಡೆ ಒಂದು ಮೂಲೆಯಲ್ಲಿ ಸಣ್ಣ ಕಲೆ ಬಿದ್ದೇ ಬಿತ್ತು. ನಿಂಬೆಹಣ್ಣಿನ ರಸ ಹಚ್ಚಿದರೆ ಇದು ತಿಳಿಯಾಗುತ್ತದೆ ಅಂತ ಆಮೇಲೆ ತಿಳಿಯಿತು. ಆ ರಾತ್ರಿ ಮಾವನಿಗೆ ಫೋನು ಮಾಡಿದಾಗ ಕಲೆಯ ಸುದ್ದಿ ಹೇಳಿದೆ. ಆ ಕಡೆಯಿಂದ ನಗು ಕೇಳಿತು.

"ಅದು ಮಸಿ ಅಲ್ಲೇನವ್ವ. ಅಳಲೆಕಾಯಿ ಕಷಾಯಕ್ಕ ಅನ್ನಭೇದಿ ಹಾಕಿದ್ರ ಏನಾಗ್ತೈತಿ? ಹಳೇ ಕಾಲದಾಗ ಮಸಿ ಮಾಡತಿದ್ದದ್ದು ಹಂಗ."

ಹೌದಲ್ವಾ. ತೊಗಲಿನೊಳಗೆ ಒಗರು, ಕ್ಲಿಪ್ಪಿನಲ್ಲಿ ಕಬ್ಬಿಣ, ನಡುವೆ ನೀರು. ಅನ್ನಭೇದಿ ಅಂದರೂ ಕಬ್ಬಿಣದ ಉಪ್ಪೇ. ತಲೆತಲಾಂತರದಿಂದ ಕಡತ ಬರೆದ ಮಸಿ ತಾನಾಗಿಯೇ ನನ್ನ ಕಟ್ಟೆಯ ಮೇಲೆ ತಯಾರಾಗಿತ್ತು. ಕಲೆ ತೆಗೆಯಲಾ ಅಂತ ಕೇಳಿದೆ. "ತೆಗಿಬ್ಯಾಡ, ಮಸಿ ನನಗೇನು ಹೊಸದ?" ಅಂದರು. ನಿಂಬೆಹಣ್ಣು ವಾಪಸ್ ಅಡುಗೆಮನೆಗೆ ಹೋಯಿತು.

ನಾಲ್ಕನೆಯದನ್ನು ಹೊಲಿಯಲು ಮೂರು ರಾತ್ರಿ ಬೇಕಾಯಿತು. ಅಡಿಯ ಪಟ್ಟಿ 34 ಸೆಂಟಿಮೀಟರ್ ಉದ್ದ, 7 ಅಗಲ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮುಚ್ಚಳಕ್ಕೇ. ಗೂಡಿನ ಹೊಲಿಗೆ ಮೂರು ಬದಿ ಸೇರಿ 17 ಸೆಂಟಿಮೀಟರ್, 43 ತೂತು. ಟಿಚ್ ಬಟನ್ನು ನಮ್ಮ ಯೂನಿಟ್ಟಿನದು. ಅದರ ಒಳಗಿನ ಸ್ಪ್ರಿಂಗನ್ನು ಸ್ವಲ್ಪ ಸಡಿಲ ಮಾಡಿದೆ, ಒಂದು ಬೆರಳಿಗೆ ಬಿಚ್ಚಿಕೊಳ್ಳಬೇಕು. ಅಂಚು ಮುಗಿಸಲು ಉಪ್ಪುಕಾಗದದಿಂದ ಉಜ್ಜಿ, ನೀರು ಸವರಿ, ಒರಟು ಬಟ್ಟೆಯಿಂದ ಜೋರಾಗಿ ತಿಕ್ಕಬೇಕು. ತಿಕ್ಕಿದ ಬಿಸಿಗೆ ನಾರುಗಳೆಲ್ಲ ಒಂದಕ್ಕೊಂದು ಅಂಟಿ ಹೊಳಪು ಬರುತ್ತದೆ. ಇದಕ್ಕೆ ಜೀನ್ಸ್ ಬಟ್ಟೆಯಷ್ಟು ಒಳ್ಳೆಯದು ನನಗೆ ಬೇರೆ ಸಿಗಲಿಲ್ಲ. ನಮ್ಮ ಯೂನಿಟ್ಟಿನಲ್ಲಿ ಕಟಿಂಗ್ ಚಿಂದಿ ಮೂಟೆಗಟ್ಟಲೆ ಬೀಳುತ್ತದೆ. ಅದರದೊಂದು ತುಂಡು ಮಡಚಿ ತಿಕ್ಕುತ್ತಾ ಕೂತರೆ, ಹತ್ತು ನಿಮಿಷಕ್ಕೆ ಬಿರುಸು ಅಂಚು ಹುಣಸೆಬೀಜದ ಹಾಗೆ ನುಣ್ಣಗಾಯಿತು. ಸ್ವಲ್ಪ ನೀಲಿಯೂ ಹತ್ತಿತು. ಅದನ್ನೂ ಬಿಟ್ಟೆ.

ಕೊನೆಯ ರಾತ್ರಿ ಕಟ್ಟೆಯ ಮೇಲೆ ಸೊಳ್ಳೆ ಜಾಸ್ತಿ ಇದ್ದವು. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಒಳಗ ಬಾ, ಲೈಟ್ ಚೆನ್ನಾಗೈತಿ" ಅಂದಳು. ತೊಗಲಿನ ಸಮೇತ ಒಳಗೆ ಹೋದೆ. ಅವಳೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಾತನಿಗೆ ತೋರಿಸಿದೆ. ದಾರದ ಕೊನೆಯ ಗಂಟನ್ನು ಉಗುರಿನಿಂದ ಒತ್ತಿ ನೋಡಿದರು, ಗೂಡಿನ ಬಾಯಿಗೆ ಎರಡು ಹೊಲಿಗೆ ಹಿಂದಕ್ಕೆ ಹಾಕಿದ್ದೆನಾ ಅಂತ ಪರೀಕ್ಷೆ ಮಾಡಿದರು. ಬಾಯಿಯ ಹತ್ತಿರವೇ ಎಳೆತ ಜಾಸ್ತಿ. ಹಾಕಿದ್ದೆ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಉಳಿದ ಬೆನ್ನಿನ ತೊಗಲು ಅಂಗೈ ಅಗಲದ್ದು ಒಂದಿತ್ತು, ಅದನ್ನು ಕೊಟ್ಟೆ. ಅದನ್ನು ಮಾತ್ರ ಮೂಸಿ ನೋಡಿ, ಗೋಣಿಚೀಲದ ಕೆಳಗೆ ಇಟ್ಟುಕೊಂಡರು.

ಭಾನುವಾರ ರೈಲಿನಲ್ಲಿ ಕೊಪ್ಪಳಕ್ಕೆ ಹೋದೆ. ಹೊಸಪೇಟೆ ದಾಟಿ ತುಂಗಭದ್ರೆಯ ಸೇತುವೆ ಮೇಲೆ ಗಾಡಿ ಹೋಗುವಾಗ ಚೀಲದಿಂದ ಪೌಚು ತೆಗೆದು, ನನ್ನ ಎಡಗೈಯನ್ನು ಸುಮ್ನೆ ಅದರ ಮುಚ್ಚಳದ ಮೇಲೆ ಇಟ್ಟು, ಬಲಗೈಯಲ್ಲಿ ಪೆನ್ನು ತಿರುಗಿಸಿ ನೋಡಿದೆ. ಎಷ್ಟನೆಯ ಸಲವೋ ಗೊತ್ತಿಲ್ಲ.

ಮಾವ ಮೇಜಿನ ಮೇಲೆ ಜಾಗ ಮಾಡಿದರು. ಹೇಗೆ ಅಂತ ನಾನು ಹೇಳಲಿಲ್ಲ, ಹೇಳಬಾರದು ಅಂತ ದಾರಿಯಲ್ಲೇ ಅಂದುಕೊಂಡಿದ್ದೆ. ಒಂದು ಬೆರಳಿಗೆ ಬಟನ್ನು ಬಿಚ್ಚಿತು. ಮುಚ್ಚಳ ಎಡಕ್ಕೆ ಬಿತ್ತು. ಅವರು ಒಂದು ಗಳಿಗೆ ಅದನ್ನೇ ನೋಡಿದರು, ಇಷ್ಟು ಉದ್ದ ಯಾಕೆ ಅನ್ನುವ ಹಾಗೆ. ಆಮೇಲೆ ಬಲಗೈಯಿಂದ ಎಡಗೈಯ ಮಣಿಕಟ್ಟು ಹಿಡಿದು, ಎತ್ತಿ, ಅದರ ಮೇಲೆ ಇಟ್ಟರು. ಪೆನ್ನು ಹಿಡಿದು ತಿರುಗಿಸಿದರು. ಮೂರು ಸುತ್ತು. ಕ್ಯಾಪು ಅಲ್ಲೇ ಉಳಿಯಿತು, ನಿಬ್ಬು ಹೊರಗೆ ಬಂತು.

ಒಂದು ಹಾಳೆ ಎಳೆದುಕೊಂಡು ಮಾವ ಮೇಲೆ ತಾರೀಖು ಬರೆದರು. ಅದರ ಕೆಳಗೆ ನನ್ನ ಹೆಸರು, ನಮ್ಮಪ್ಪನ ಹೆಸರು, ಸಾಕಿನ್ ಬಳ್ಳಾರಿ ಅಂತ ಪತ್ರ ಶುರು ಮಾಡುವ ಹಾಗೇ ಬರೆದು, "ಮುಂದ ಏನು ಬರೀಲಿ ಹೇಳು" ಅಂದರು. ಎಡಗೈ ಇನ್ನೂ ತೊಗಲಿನ ಮೇಲೇ ಇತ್ತು.